ಮಕ್ಕಳಿರುವ ಮನೆಯ ಗ್ಯಾರೇಜ್ ಬಾಗಿಲು: ತಿಂಗಳಿಗೊಮ್ಮೆ ಮಾಡಬೇಕಾದ ತಪಾಸಣೆ

ಅಮೆರಿಕದಲ್ಲಿ ಅಪಾರ್ಟ್‌ಮೆಂಟ್ ಬಿಟ್ಟು ಮೊದಲ ಸಲ ಗ್ಯಾರೇಜ್ ಇರುವ ಮನೆಗೆ ಬಂದ ಕನ್ನಡದ ಕುಟುಂಬಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನಮ್ಮ ಪುಟ್ಟನಿಗೆ ಎರಡು ವರ್ಷ. ಕಂಡ ಬಟನ್ ಎಲ್ಲ ಒತ್ತುತ್ತಾನೆ. ಗ್ಯಾರೇಜ್ ಬಾಗಿಲಿಗೆ ಏನು ಮಾಡೋದು?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಓದಿ ಸುಮ್ನೆ ಪಕ್ಕಕ್ಕೆ ಇಡಬೇಡಿ. ಈ ವಾರದ ಕೊನೆಯಲ್ಲಿ ಒಂದು ಗಂಟೆ ಬಿಡುವು ಮಾಡಿಕೊಂಡು, ಲೇಖನ ಫೋನಿನಲ್ಲಿ ತೆರೆದಿಟ್ಟುಕೊಂಡು, ಒಂದೊಂದೇ ಹಂತ ಮಾಡಿ ಮುಗಿಸಿ.

ಮೆಟ್ಟಿಲಿಗೆ ಗೇಟ್ ಹಾಕುತ್ತೇವೆ, ಪ್ಲಗ್ ಪಾಯಿಂಟಿಗೆ ಮುಚ್ಚಳ ಹಾಕುತ್ತೇವೆ, ಮೇಜಿನ ಮೂಲೆಗೆ ರಬ್ಬರ್ ಅಂಟಿಸುತ್ತೇವೆ. ಮನೆಯಲ್ಲಿ ಚಲಿಸುವ ಅತಿ ದೊಡ್ಡ ವಸ್ತುವಾದ ಗ್ಯಾರೇಜ್ ಬಾಗಿಲನ್ನು ಮಾತ್ರ ಹೆಚ್ಚಿನವರು ಒಂದು ಸಲವೂ ಪರೀಕ್ಷೆ ಮಾಡಿರುವುದಿಲ್ಲ. ದಿನವೂ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಸರಿ ಇದೆ ಅಂದುಕೊಂಡುಬಿಡುತ್ತೇವೆ. ಆದರೆ ಅಪಾಯ ತಡೆಯುವ ಭಾಗಗಳು ಕೆಟ್ಟಿದ್ದರೂ ಎಷ್ಟೋ ಬಾಗಿಲುಗಳು ಏರಿ ಇಳಿಯುತ್ತಲೇ ಇರುತ್ತವೆ. ಪರೀಕ್ಷೆ ಮಾಡದೆ ಅದು ಗೊತ್ತಾಗುವುದೇ ಇಲ್ಲ.

ಮೊದಲು ಭಾಗಗಳನ್ನು ಗುರುತಿಸಿ

ಬಾಗಿಲು ಪೂರ್ತಿ ಮುಚ್ಚಿ, ಗ್ಯಾರೇಜಿನ ಒಳಗೆ ನಿಂತು ನೋಡಿ. ಬಾಗಿಲು ಒಂದೇ ಹಲಗೆಯದಲ್ಲ. ನಾಲ್ಕೈದು ಅಡ್ಡ ಪಟ್ಟಿಗಳನ್ನು ಕೀಲು ಹಾಕಿ ಜೋಡಿಸಿರುತ್ತಾರೆ. ಎರಡೂ ಅಂಚಿನಲ್ಲಿ ಸಣ್ಣ ಚಕ್ರಗಳಿವೆ, ಅವು ರೋಲರ್. ಚಕ್ರ ಓಡುವ ಲೋಹದ ಹಳಿಯೇ ಟ್ರ್ಯಾಕ್. ಚಾವಣಿಗೆ ನೇತುಹಾಕಿರುವ ಮೋಟಾರ್ ಪೆಟ್ಟಿಗೆಗೆ ಓಪನರ್ ಅನ್ನುತ್ತಾರೆ. ಅದರಿಂದ ಬಾಗಿಲಿನ ಕಡೆಗೆ ಬರುವ ಉದ್ದನೆಯ ಕಂಬಿಯಿಂದ ಕೆಂಪು ಹಿಡಿಯ ಒಂದು ಹಗ್ಗ ಜೋತುಬಿದ್ದಿರುತ್ತದೆ. ಅದನ್ನು ಎಳೆದರೆ ಮೋಟಾರಿಗೂ ಬಾಗಿಲಿಗೂ ಇರುವ ಕೊಂಡಿ ಬಿಟ್ಟುಕೊಳ್ಳುತ್ತದೆ, ಬಾಗಿಲನ್ನು ಕೈಯಲ್ಲೇ ಎತ್ತಬಹುದು.

ಈಗ ಬಾಗಿಲಿನ ಮೇಲ್ಗಡೆ ನೋಡಿ. ಅಡ್ಡ ಸರಳಿಗೆ ಸುತ್ತಿದ ದಪ್ಪ ಸ್ಪ್ರಿಂಗ್ ಒಂದೋ ಎರಡೋ ಕಾಣುತ್ತದೆ. ಇದು ಟಾರ್ಶನ್ ಸ್ಪ್ರಿಂಗ್, ಅಂದರೆ ತಿರುಚಿ ಬಿಗಿ ಮಾಡಿದ ಸ್ಪ್ರಿಂಗ್. ಕೆಲವು ಮನೆಗಳಲ್ಲಿ ಅದರ ಬದಲು ಎರಡು ಬದಿಯ ಟ್ರ್ಯಾಕಿನ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ಸ್ಪ್ರಿಂಗ್ ಇರುತ್ತದೆ. ಅದು ಎಕ್ಸ್‌ಟೆನ್ಶನ್ ಸ್ಪ್ರಿಂಗ್.

ಬಾಗಿಲಿನ ತೂಕ ಹೊರುವುದು ಮೋಟಾರ್ ಅಂತ ತುಂಬಾ ಜನ ನಂಬಿದ್ದಾರೆ. ತೂಕ ಹೊರುವುದು ಈ ಸ್ಪ್ರಿಂಗ್. ಎರಡು ಕಾರು ನಿಲ್ಲುವ ಗ್ಯಾರೇಜಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರ. ಉಕ್ಕಿನದಾದರೂ 70 ಕೆ.ಜಿ. ದಾಟುವುದು ಮಾಮೂಲು, ಮರದ್ದಾದರೆ ಇನ್ನೂ ಜಾಸ್ತಿ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಸರಿಸಮ ತೂಕದ ಬಟ್ಟು ಇಟ್ಟ ಹಾಗೆ ಸ್ಪ್ರಿಂಗ್ ಆ ತೂಕವನ್ನು ತೂಗಿ ಹಿಡಿದಿರುತ್ತದೆ. ಮೋಟಾರ್ ಮಾಡುವುದು ಬರೀ ಸ್ವಲ್ಪ ನೂಕುವ ಕೆಲಸ. ಇದೊಂದು ಅರ್ಥವಾದರೆ ಮುಂದಿನ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಕೊನೆಯದಾಗಿ ಕೆಳಗೆ ನೋಡಿ. ಬಾಗಿಲಿನ ಎರಡೂ ಬದಿಯಲ್ಲಿ, ನೆಲದಿಂದ 6 ಇಂಚಿಗಿಂತ ಮೇಲೆ ಹೋಗದಂತೆ, ಎದುರುಬದುರಾಗಿ ಎರಡು ಪುಟ್ಟ ಡಬ್ಬಿ ಇರಬೇಕು. ಇವೇ ಸೆನ್ಸರ್, ಫೋಟೋ ಐ ಅಂತಲೂ ಕರೆಯುತ್ತಾರೆ. ಒಂದು ಕಣ್ಣಿಗೆ ಕಾಣದ ಬೆಳಕಿನ ಗೆರೆ ಕಳಿಸುತ್ತದೆ, ಇನ್ನೊಂದು ಅದನ್ನು ಹಿಡಿಯುತ್ತದೆ. ನಡುವೆ ಏನಾದರೂ ಬಂದರೆ ಇಳಿಯುತ್ತಿರುವ ಬಾಗಿಲು ವಾಪಸ್ ಮೇಲೆ ಹೋಗಬೇಕು.

ಬೇಕಾದ ಸಾಮಾನು

ಒಂದು ಟೂ ಬೈ ಫೋರ್ ಮರದ ತುಂಡು, ಎರಡು ಅಡಿ ಉದ್ದ ಇದ್ದರೆ ಸಾಕು. ಹೋಮ್ ಡಿಪೋದಲ್ಲೋ ಲೋಸ್‌ನಲ್ಲೋ ಸಿಗುತ್ತದೆ. ಉದ್ದ ಹಿಡಿಯ ಪೊರಕೆ, ಅಳತೆ ಟೇಪ್, ಮೆತ್ತನೆ ಬಟ್ಟೆ, ಟಾರ್ಚ್. ಓಪನರಿನ ಮಾಡೆಲ್ ನಂಬರ್ ನೋಡಿ ಅದರ ಕೈಪಿಡಿಯನ್ನು ಫೋನಿಗೆ ಇಳಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಮಕ್ಕಳನ್ನು ಮನೆಯೊಳಗೆ ಕೂರಿಸಿಕೊಂಡು ನೋಡಿಕೊಳ್ಳಲು ಇನ್ನೊಬ್ಬ ದೊಡ್ಡವರು ಬೇಕು. ಪರೀಕ್ಷೆ ಮಾಡುವಾಗಲೇ ಮಗು ಓಡಿ ಬಂದರೆ ಮಾಡಿದ್ದಕ್ಕೆ ಅರ್ಥ ಇರುವುದಿಲ್ಲ.

ಹಂತ 1: ಓಪನರ್ ಎಷ್ಟು ಹಳೆಯದು ಅಂತ ನೋಡಿ

ತಾನಾಗಿ ಮುಚ್ಚುವ ಬಾಗಿಲಿನ ಕೆಳಗೆ ಸಿಕ್ಕಿ ಮಕ್ಕಳು ಸತ್ತ ಘಟನೆಗಳು 1980ರ ದಶಕದಲ್ಲಿ ಅಮೆರಿಕದಲ್ಲಿ ಮರುಕಳಿಸುತ್ತಲೇ ಇದ್ದವು. ಅದಕ್ಕೇ 1990ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು. ಅದರ ಪ್ರಕಾರ 1991ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಓಪನರುಗಳು ಏನಾದರೂ ತಾಗಿದರೆ ಬಾಗಿಲನ್ನು ವಾಪಸ್ ಎತ್ತಲೇಬೇಕು. 1993ರ ಜನವರಿ 1ರಿಂದ ತಯಾರಾಗುವವಕ್ಕೆ ಅದರ ಜೊತೆಗೆ ಇನ್ನೊಂದು ರಕ್ಷಣೆಯೂ ಬೇಕು. ಹೆಚ್ಚಾಗಿ ಅದು ನೆಲದ ಹತ್ತಿರದ ಸೆನ್ಸರ್ ಜೋಡಿ. ಕೆಲವದರಲ್ಲಿ ಬಾಗಿಲಿನ ಕೆಳ ಅಂಚಿಗೆ ಹಾಕಿದ, ಮುಟ್ಟಿದರೆ ಗೊತ್ತಾಗುವ ಪಟ್ಟಿ ಇರುತ್ತದೆ.

ಏಣಿ ಹತ್ತಿ ಓಪನರ್ ಮೇಲಿನ ಚೀಟಿ ಓದಿ. ತಯಾರಾದ ವರ್ಷ, ಯುಎಲ್ 325 ಅನ್ನುವ ಗುರುತು ಹುಡುಕಿ. ಯುಎಲ್ 325 ಅಂದರೆ ಈ ಯಂತ್ರಗಳ ಸುರಕ್ಷತೆಯ ಮಾನದಂಡ. 1993ಕ್ಕಿಂತ ಹಿಂದಿನದಾದರೆ, ಅಥವಾ ಸೆನ್ಸರ್, ಮುಟ್ಟಿದರೆ ಗೊತ್ತಾಗುವ ಪಟ್ಟಿ ಎರಡೂ ಇಲ್ಲದಿದ್ದರೆ, ರಿಪೇರಿ ಮಾಡಿಸಲು ಹೋಗಬೇಡಿ. ಪ್ಲಗ್ ತೆಗೆದುಬಿಡಿ, ಹೊಸದು ಹಾಕಿಸಿ. ಅಲ್ಲಿವರೆಗೆ ಬಾಗಿಲು ಕೈಯಲ್ಲೇ ತೆಗೆಯಿರಿ. ಹಳೆ ಬಡಾವಣೆಯ ಮನೆ ಕೊಂಡವರು ಈ ಹಂತವನ್ನು ಬಿಡಲೇಬಾರದು. ಮನೆ ತಪಾಸಣೆಯ ವರದಿಯಲ್ಲಿ ಈ ವಿಷಯ ಒಂದು ಸಾಲಿನಲ್ಲಿ ಮುಗಿದಿರುತ್ತದೆ, ಸಹಿ ಹಾಕುವ ಗಡಿಬಿಡಿಯಲ್ಲಿ ಯಾರೂ ಓದಿರುವುದಿಲ್ಲ.

ಹಂತ 2: ಸ್ಪ್ರಿಂಗ್, ಕೇಬಲ್ ನೋಡಿ, ಮುಟ್ಟಬೇಡಿ

ಟಾರ್ಚ್ ಹಿಡಿದು ದೂರದಿಂದಲೇ ನೋಡಿ. ಸ್ಪ್ರಿಂಗ್ ಸುರುಳಿಯ ನಡುವೆ ಒಂದೆರಡು ಇಂಚು ಬಿರುಕು ಬಿಟ್ಟ ಹಾಗೆ ಕಂಡರೆ ಅದು ತುಂಡಾಗಿದೆ. ಬಾಗಿಲಿನ ಎರಡೂ ಅಂಚಿನಲ್ಲಿ ಕೆಳಗಿನ ತನಕ ಇಳಿದಿರುವ ತಂತಿ ಹಗ್ಗ, ಅಂದರೆ ಕೇಬಲ್, ಎಳೆ ಬಿಟ್ಟಿದೆಯಾ, ತುಕ್ಕು ಹಿಡಿದಿದೆಯಾ, ಸಡಿಲವಾಗಿ ಜೋತಾಡುತ್ತಿದೆಯಾ? ರೋಲರ್ ಟ್ರ್ಯಾಕಿನಿಂದ ಹೊರಗೆ ಬಂದಿದೆಯಾ?

ನಿಮ್ಮದು ಎಕ್ಸ್‌ಟೆನ್ಶನ್ ಸ್ಪ್ರಿಂಗ್ ಆದರೆ ಇನ್ನೊಂದು ವಿಷಯ ಗಮನಿಸಿ. ಪ್ರತಿ ಸ್ಪ್ರಿಂಗಿನ ಒಳಗಿನಿಂದ ಒಂದು ತಂತಿ ಹಾದುಹೋಗಿರಬೇಕು. ಅದು ರಕ್ಷಣೆಯ ತಂತಿ. ಅದಿಲ್ಲದೆ ಸ್ಪ್ರಿಂಗ್ ತುಂಡಾದರೆ ಆ ತುಂಡು ಗ್ಯಾರೇಜಿನ ಉದ್ದಕ್ಕೂ ರಭಸದಿಂದ ಹಾರುತ್ತದೆ. ತಂತಿ ಕಾಣದಿದ್ದರೆ ಹಾಕಿಸಿಕೊಳ್ಳಿ, ದೊಡ್ಡ ಖರ್ಚಲ್ಲ.

ಸಾಮಾನ್ಯ ಸ್ಪ್ರಿಂಗಿನ ಆಯುಷ್ಯ ಸುಮಾರು 10,000 ಸುತ್ತು ಅಂತ ಲೆಕ್ಕ. ಒಂದು ಸಲ ತೆರೆದು ಮುಚ್ಚಿದರೆ ಒಂದು ಸುತ್ತು. ದಿನಕ್ಕೆ ನಾಲ್ಕು ಸಲ ಬಳಸಿದರೆ ಏಳು ವರ್ಷದೊಳಗೆ ಮುಗಿಯುತ್ತದೆ. ಇಬ್ಬರು ಕೆಲಸಕ್ಕೆ ಹೋಗುವವರು, ಮಕ್ಕಳ ಶಾಲೆ, ಸಂಜೆ ಈಜು, ಭರತನಾಟ್ಯ ಕ್ಲಾಸ್ ಅಂತ ಇರುವ ಮನೆಯಲ್ಲಿ ಇನ್ನೂ ಬೇಗ. ಎಷ್ಟೋ ಜನ ಮುಂಬಾಗಿಲು ಬಳಸುವುದೇ ಇಲ್ಲ, ಬರುವುದು ಹೋಗುವುದೆಲ್ಲ ಗ್ಯಾರೇಜಿನಿಂದಲೇ, ಅಲ್ವಾ?

ರಾತ್ರಿ ಗ್ಯಾರೇಜಿನಲ್ಲಿ ಪಟಾಕಿ ಸಿಡಿದಂಥ ಸದ್ದು ಕೇಳಿ, ಬೆಳಗ್ಗೆ ಬಾಗಿಲು ಒಂದಡಿಯೂ ಏಳದಿದ್ದರೆ ಸ್ಪ್ರಿಂಗ್ ಹೋಗಿದೆ ಅಂತಲೇ ತಿಳಿಯಿರಿ. ಆಫೀಸಿಗೆ ತಡವಾಯಿತು ಅಂತ ಬಟನ್ ಒತ್ತುತ್ತಲೇ ಇರಬೇಡಿ. ಕೆಂಪು ಹಗ್ಗ ಎಳೆದು ಒಬ್ಬರೇ ಎತ್ತಲು ಹೋಗಬೇಡಿ.

ಈಗ ಇಡೀ ಲೇಖನದ ದೊಡ್ಡ ಎಚ್ಚರಿಕೆ. ಸ್ಪ್ರಿಂಗನ್ನಾಗಲಿ, ಕೇಬಲನ್ನಾಗಲಿ, ಬಾಗಿಲಿನ ಕೆಳ ಮೂಲೆಯಲ್ಲಿ ಕೇಬಲ್ ಸಿಕ್ಕಿಸಿರುವ ಬ್ರಾಕೆಟನ್ನಾಗಲಿ ನೀವೇ ಬಿಚ್ಚಬೇಡಿ. ಎಷ್ಟೋ ಬಾಗಿಲುಗಳಲ್ಲಿ ಇಂಥ ಬೋಲ್ಟುಗಳಿಗೆ ಕೆಂಪು ಬಣ್ಣ ಬಳಿದಿರುವುದು ಇದೇ ಕಾರಣಕ್ಕೆ. ಬಾಗಿಲಿನ ಪೂರ್ತಿ ತೂಕಕ್ಕೆ ಸಮನಾದ ಬಿಗಿ ಅಲ್ಲಿ ಕೂತಿರುತ್ತದೆ. ಒಂದು ಬೋಲ್ಟ್ ಸಡಿಲವಾದರೆ ಸ್ಪಾನರ್ ಸಮೇತ ಕೈ ಹೋಗಬಹುದು. ನಮ್ಮಲ್ಲಿ ಎಂಜಿನಿಯರುಗಳು ಜಾಸ್ತಿ, ವಿಡಿಯೋ ನೋಡಿ ಮಾಡಿಬಿಡುತ್ತೇನೆ ಅನ್ನುವ ಧೈರ್ಯವೂ ಜಾಸ್ತಿ. ದಯವಿಟ್ಟು ಇದೊಂದರಲ್ಲಿ ಬೇಡ. ಇದನ್ನೇ ಕಸುಬಾಗಿ ಮಾಡುವವರನ್ನು ಕರೆಯಿರಿ. ಎರಡು ಸ್ಪ್ರಿಂಗ್ ಇದ್ದು ಒಂದು ತುಂಡಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಾಯಿಸಲು ಹೇಳಿ. ಎರಡರ ವಯಸ್ಸೂ ಒಂದೇ, ಇನ್ನೊಂದೂ ಬೇಗ ಹೋಗುತ್ತದೆ.

ಹಂತ 3: ಬಾಗಿಲು ಸಮ ತೂಗುತ್ತಿದೆಯಾ?

ಹಂತ 2ರಲ್ಲಿ ಎಲ್ಲ ಸರಿ ಕಂಡರೆ ಮಾತ್ರ ಇದನ್ನು ಮಾಡಿ. ಬಾಗಿಲು ಪೂರ್ತಿ ಮುಚ್ಚಿರಲಿ. ತೆರೆದಿರುವಾಗ ಕೆಂಪು ಹಗ್ಗ ಎಳೆದರೆ, ಸ್ಪ್ರಿಂಗ್ ಸೊರಗಿದ್ದ ಪಕ್ಷದಲ್ಲಿ ಬಾಗಿಲು ಧೊಪ್ಪೆಂದು ಕೆಳಗೆ ಬೀಳುತ್ತದೆ.

ಹಗ್ಗ ಎಳೆಯಿರಿ. ಹಿಡಿಯಿಂದ ಬಾಗಿಲನ್ನು ನಿಧಾನವಾಗಿ ಎತ್ತಿ. ಮೊದಲ ಎತ್ತಿನಲ್ಲೇ ವಿಪರೀತ ಭಾರ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಕೆಳಗಿಳಿಸಿ, ಕಸುಬಿನವರನ್ನು ಕರೆಯಿರಿ. ಸಲೀಸಾಗಿ ಬಂದರೆ ಮೂರು ನಾಲ್ಕು ಅಡಿ ಎತ್ತರಕ್ಕೆ ತಂದು, ಕಾಲು ದೂರ ಇಟ್ಟುಕೊಂಡು, ಹಿಡಿತವನ್ನು ಮೆಲ್ಲಗೆ ಸಡಿಲಿಸಿ. ಸಮ ಇರುವ ಬಾಗಿಲು ಅಲ್ಲೇ ನಿಲ್ಲುತ್ತದೆ. ಕೆಳಗೆ ಕುಸಿದರೆ ಸ್ಪ್ರಿಂಗ್ ಸೋತಿದೆ. ತಾನಾಗಿ ಮೇಲಕ್ಕೆ ಓಡಿದರೆ ಬಿಗಿ ಜಾಸ್ತಿಯಾಗಿದೆ. ಎರಡಕ್ಕೂ ಕಸುಬಿನವರೇ ಬೇಕು.

ಎತ್ತುವಾಗ ಇಳಿಸುವಾಗ ಎರಡು ಪಟ್ಟಿಗಳ ನಡುವಿನ ಸಂದಿಗೆ ಬೆರಳು ಹಾಕಬೇಡಿ. ಬಾಗಿಲು ನೇರವಾಗುತ್ತಾ ಬಂದಂತೆ ಆ ಸಂದಿ ಮುಚ್ಚಿಕೊಳ್ಳುತ್ತದೆ. ಬೆರಳು ಜಜ್ಜಿಹೋಗುವುದು ಹೆಚ್ಚಾಗಿ ಅಲ್ಲೇ. ಹೊಸ ಬಾಗಿಲು ಹಾಕಿಸುವವರು ಬೆರಳು ಸಿಕ್ಕದ ಹಾಗೆ ರೂಪಿಸಿದ ಪಟ್ಟಿಗಳನ್ನೇ ಕೇಳಿ ತೆಗೆದುಕೊಳ್ಳಿ. ಹಳೆಯದಕ್ಕೆ ಒಳಗೂ ಹೊರಗೂ ಒಂದೊಂದು ಗಟ್ಟಿ ಹಿಡಿ ಹಾಕಿಸಿದರೆ ಸಂದಿ ಹಿಡಿದು ಎಳೆಯುವ ಅಭ್ಯಾಸ ತಪ್ಪುತ್ತದೆ.

ಮುಗಿದ ಮೇಲೆ ಬಾಗಿಲು ಮುಚ್ಚಿ, ಕೊಂಡಿ ಮತ್ತೆ ಕೂಡಿಸಿ. ಕೂಡಿಸುವ ರೀತಿ ಒಂದೊಂದು ಮಾಡೆಲಿಗೆ ಒಂದೊಂದು ಥರ, ಕೈಪಿಡಿ ನೋಡಿ.

ಹಂತ 4: ಸೆನ್ಸರ್ ಪರೀಕ್ಷೆ

ಟೇಪ್ ಹಿಡಿದು ಎತ್ತರ ಅಳೆಯಿರಿ. 6 ಇಂಚಿಗಿಂತ ಮೇಲಿದ್ದರೆ ತೆವಳುವ ಮಗುವಿನ ಮೇಲೆ ಗೆರೆ ಹಾದುಹೋಗಿಬಿಡುತ್ತದೆ. ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಜೇಡರ ಬಲೆ, ಧೂಳು, ಚಳಿಗಾಲದಲ್ಲಿ ಹಿಮ, ಇಷ್ಟೇ ಸಾಕು ಅದು ತಪ್ಪು ಹೇಳಲು.

ಬಾಗಿಲು ತೆರೆದು, ಮುಚ್ಚುವ ಬಟನ್ ಒತ್ತಿ. ಇಳಿಯುತ್ತಿರುವಾಗ ದೂರ ನಿಂತು ಪೊರಕೆಯ ಹಿಡಿಯನ್ನು ಗೆರೆಗೆ ಅಡ್ಡ ತನ್ನಿ. ಬಾಗಿಲು ತಕ್ಷಣ ನಿಂತು ಮೇಲೆ ಹೋಗಬೇಕು. ಕೈ, ಕಾಲು ಅಡ್ಡ ಇಟ್ಟು ನೋಡುವ ಸಾಹಸ ಬೇಡ. ಎರಡನೆಯ ಸಲ, ಮೊದಲೇ ಒಂದು ರಟ್ಟಿನ ಪೆಟ್ಟಿಗೆಯನ್ನು ಗೆರೆಗೆ ಅಡ್ಡ ಇಟ್ಟು ರಿಮೋಟ್ ಒತ್ತಿ. ಬಾಗಿಲು ಮುಚ್ಚಿಕೊಳ್ಳಬಾರದು. ಹೆಚ್ಚಿನ ಓಪನರುಗಳಲ್ಲಿ ಆಗ ದೀಪ ಮಿಟುಕುತ್ತದೆ.

ಇಲ್ಲಿ ಜನ ಮಾಡುವ ತಪ್ಪುಗಳೇ ನನಗೆ ಜಾಸ್ತಿ ಆತಂಕ ಹುಟ್ಟಿಸುವುದು. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸೆನ್ಸರ್ ಕೈಕೊಟ್ಟಾಗ ಬಾಗಿಲು ಮುಚ್ಚುವುದಿಲ್ಲ. ಆಗ ಯಾರೋ ಹೇಳಿಕೊಡುತ್ತಾರೆ: ಗೋಡೆಯ ಬಟನ್ ಒತ್ತಿ ಹಿಡಿದುಕೊಳ್ಳಿ, ಮುಚ್ಚುತ್ತದೆ. ನಿಜ, ಒತ್ತಿ ಹಿಡಿದರೆ ಬಾಗಿಲು ಇಳಿಯುತ್ತದೆ. ಆದರೆ ಹಾಗೆ ಹಿಡಿದಿರುವಷ್ಟು ಹೊತ್ತು ಓಪನರ್ ಸೆನ್ಸರಿನ ಮಾತನ್ನು ಕೇಳುವುದಿಲ್ಲ. ಬಾಗಿಲು ಕಣ್ಣೆದುರಿಗೇ ಇದ್ದು, ಅಡಿಯಲ್ಲಿ ಏನೂ ಇಲ್ಲ ಅಂತ ನೋಡುತ್ತಾ, ತುರ್ತಿಗೆ ಒಮ್ಮೆ ಬಳಸಲಿ ಅಂತ ಇಟ್ಟ ಸೌಲಭ್ಯ ಅದು. ಎಷ್ಟೋ ಮನೆಗಳಲ್ಲಿ ಅದೇ ದಿನದ ಅಭ್ಯಾಸವಾಗಿಬಿಡುತ್ತದೆ. ಮಗುವೂ ನೋಡಿ ಅದನ್ನೇ ಕಲಿಯುತ್ತದೆ. ಬಟನ್ ಒತ್ತಿ ಹಿಡಿಯಬೇಕಾಗಿ ಬಂದರೆ ಸೆನ್ಸರ್ ರಿಪೇರಿಗೆ ಬಂದಿದೆ ಅಂತ ಅರ್ಥ. ಅದೇ ದಿನ ಸರಿ ಮಾಡಿ.

ಇನ್ನೂ ಕೆಟ್ಟದ್ದು, ಎರಡು ಸೆನ್ಸರನ್ನೂ ಗೋಡೆಯಿಂದ ಕಿತ್ತು, ಎದುರುಬದುರಾಗಿ ಟೇಪ್ ಸುತ್ತಿ, ಚಾವಣಿಯ ಹತ್ತಿರ ಕಟ್ಟಿಬಿಡುವುದು. ಹಾಗೆ ಮಾಡಿದರೆ ಬಾಗಿಲಿನ ಕೆಳಗೆ ಏನಿದ್ದರೂ ಓಪನರಿಗೆ ದಾರಿ ಖಾಲಿ ಅಂತಲೇ ಅನ್ನಿಸುತ್ತದೆ. ಹಳೆಯ ಮಾಲೀಕರು ಹೀಗೆ ಮಾಡಿಟ್ಟು ಹೋಗಿರಬಹುದು. ಹೊಸದಾಗಿ ಬಂದವರು ತಲೆ ಎತ್ತಿ ಒಮ್ಮೆ ನೋಡಿ.

ಸೆನ್ಸರ್ ಪದೇ ಪದೇ ಕೈಕೊಡುತ್ತಿದ್ದರೆ ಕಾರಣ ಹೆಚ್ಚಾಗಿ ಚಿಕ್ಕದು. ನಮ್ಮ ಗ್ಯಾರೇಜುಗಳಲ್ಲಿ ಅದರ ಪಕ್ಕದಲ್ಲೇ ಚಪ್ಪಲಿ ರಾಶಿ, 20 ಪೌಂಡಿನ ಸೋನಾ ಮಸೂರಿ ಅಕ್ಕಿ ಚೀಲ, ನೀರಿನ ಬಾಟಲಿ ಕಟ್ಟು ಇರುತ್ತವೆ. ಒಂದು ಚೀಲ ಒರಗಿದರೂ ಸೆನ್ಸರಿನ ಬ್ರಾಕೆಟ್ ಸೊಟ್ಟಗಾಗಿ ಗೆರೆ ತಪ್ಪುತ್ತದೆ. ಎರಡರಲ್ಲೂ ಇರುವ ಚಿಕ್ಕ ದೀಪ ಮಿಟುಕದೆ ಉರಿಯುವ ತನಕ ಮೆಲ್ಲಗೆ ತಿರುಗಿಸಿ, ನಟ್ ಬಿಗಿ ಮಾಡಿ. ಆಮೇಲೆ ಎರಡೂ ಕಡೆ ಒಂದೂವರೆ ಅಡಿ ಜಾಗ ಖಾಲಿ ಬಿಡಿ. ಸಂಜೆ ಮಾತ್ರ ತೊಂದರೆ ಕೊಡುತ್ತಿದ್ದರೆ ಇಳಿಬಿಸಿಲು ನೇರ ಗಾಜಿಗೆ ಬೀಳುತ್ತಿರಬಹುದು. ಬಿಸಿಲು ಬೀಳದ ಬದಿಗೆ, ಬೆಳಕು ಹಿಡಿಯುವ ಸೆನ್ಸರನ್ನು ಬದಲಿಸಿ ಹಾಕಿಸಿ.

ಎಲ್ಲ ಸರಿ ಇದ್ದರೂ ಒಂದು ಮಾತು ನೆನಪಿರಲಿ. ಸೆನ್ಸರ್ ಕಾಣುವುದು ಒಂದೇ ಒಂದು ಗೆರೆಯನ್ನು. ಆ ಗೆರೆಯಿಂದ ಒಂದಿಷ್ಟು ಆಚೆಗೆ ನಿಂತ ಮಗು, ಗೆರೆಯ ಎರಡೂ ಬದಿಗೆ ಒಂದೊಂದು ಕಾಲಿಟ್ಟು ನಿಂತ ಮಗು ಅದಕ್ಕೆ ಕಾಣುವುದಿಲ್ಲ. ಟ್ರೈಸಿಕಲ್ಲಿನ ಎತ್ತರದ ಭಾಗವೂ ಅಷ್ಟೇ.

ಹಂತ 5: ಮರದ ತುಂಡಿನ ಪರೀಕ್ಷೆ

ಸೆನ್ಸರಿಗೆ ಕಾಣದ್ದು ಬಾಗಿಲಿಗೆ ತಾಗಿದಾಗಲಾದರೂ ಗೊತ್ತಾಗಬೇಕು. ಅದಕ್ಕೇ ಈ ಪರೀಕ್ಷೆ.

ಬಾಗಿಲು ತೆರೆಯಿರಿ. ಬಾಗಿಲು ಬಂದು ಕೂರುವ ಜಾಗದ ನಟ್ಟನಡುವೆ ಟೂ ಬೈ ಫೋರ್ ತುಂಡನ್ನು ಅಗಲವಾಗಿ ಮಲಗಿಸಿ. ಹೆಸರು ಟೂ ಬೈ ಫೋರ್ ಆದರೂ ಅದರ ನಿಜವಾದ ದಪ್ಪ ಒಂದೂವರೆ ಇಂಚು. ಈಗ ಮುಚ್ಚಿ. ಬಾಗಿಲು ಮರಕ್ಕೆ ತಾಗಿ 2 ಸೆಕೆಂಡಿನೊಳಗೆ ವಾಪಸ್ ಮೇಲೆ ಹೋಗಬೇಕು. ಮರವನ್ನು ಅಮುಕಿ ಹಿಡಿದು ಹಾಗೇ ನಿಂತರೆ ನಪಾಸು. ತಾಗಿ ನಿಂತು, ಮೇಲೆ ಹೋಗದಿದ್ದರೂ ನಪಾಸು.

ನಪಾಸಾದರೆ ಕೈಪಿಡಿಯಲ್ಲಿ ಹೇಳಿದಂತೆ ಎರಡು ಹೊಂದಾಣಿಕೆ ನೋಡಿ. ಒಂದು, ಬಾಗಿಲು ಎಷ್ಟು ಕೆಳಗೆ ಇಳಿಯಬೇಕು ಅನ್ನುವ ಮಿತಿ. ಇನ್ನೊಂದು, ಎಷ್ಟು ಬಲ ಹಾಕಬೇಕು ಅನ್ನುವ ಮಿತಿ. ಬದಲಾಯಿಸಿದ ಪ್ರತಿ ಸಲವೂ ಮರವಿಟ್ಟು ಮತ್ತೆ ಪರೀಕ್ಷಿಸಿ. ಆದರೂ ಸರಿ ಹೋಗದಿದ್ದರೆ ಪ್ಲಗ್ ತೆಗೆದು, ರಿಪೇರಿ ಆಗುವ ತನಕ ಓಪನರ್ ಬಳಸುವುದನ್ನೇ ನಿಲ್ಲಿಸಿ.

ಚಳಿಗಾಲದಲ್ಲಿ ಗ್ರೀಸ್ ಗಟ್ಟಿಯಾಗಿ ಬಾಗಿಲು ಅರ್ಧಕ್ಕೆ ನಿಂತು ವಾಪಸ್ ಹೋಗುತ್ತದೆ. ಆಗ ಬೇಸರದಿಂದ ಬಲದ ಮಿತಿಯನ್ನು ಏರಿಸುವವರು ತುಂಬಾ. ಅದು ತಪ್ಪು. ಬೇಸಿಗೆ ಬಂದ ಮೇಲೂ ಆ ಬಲ ಹಾಗೇ ಉಳಿಯುತ್ತದೆ, ಬಾಗಿಲಿಗೆ ಮಗುವೂ ಗ್ರೀಸೂ ಒಂದೇ. ಬಲ ಏರಿಸುವ ಬದಲು ಕೀಲು, ರೋಲರಿನ ಬೇರಿಂಗ್‌ಗಳಿಗೆ ಸಿಲಿಕೋನ್ ಅಥವಾ ಲಿಥಿಯಂ ಸ್ಪ್ರೇ ಹಾಕಿ. ಟ್ರ್ಯಾಕಿನ ಒಳಗೆ ಹಾಕಬೇಡಿ, ಅದನ್ನು ಒರೆಸಿ ಸ್ವಚ್ಛವಾಗಿಟ್ಟರೆ ಸಾಕು.

ಹಂತ 3, 4, 5 ಇವಿಷ್ಟನ್ನೂ ತಿಂಗಳಿಗೊಮ್ಮೆ ಮಾಡಿ. ಮನೆ ಸಾಲದ ಕಂತು ಕಟ್ಟುವ ದಿನವನ್ನೇ ಇಟ್ಟುಕೊಂಡರೆ ಮರೆಯುವುದಿಲ್ಲ.

ಹಂತ 6: ಬಟನ್, ರಿಮೋಟ್, ಫೋನ್

ಗೋಡೆಯ ಬಟನ್ ನೆಲದಿಂದ ಕನಿಷ್ಠ 5 ಅಡಿ ಎತ್ತರದಲ್ಲಿರಬೇಕು, ಅದೂ ನಿಂತ ಜಾಗದಿಂದ ಬಾಗಿಲು ಪೂರ್ತಿ ಕಾಣುವ ಹಾಗೆ. ಮೆಟ್ಟಿಲ ಹತ್ತಿರ ಇದ್ದರೆ ಮಗು ನಿಲ್ಲುವ ಮೆಟ್ಟಿಲಿನಿಂದಲೇ ಅಳೆಯಿರಿ. ಕೆಳಗೆ ಕುರ್ಚಿ, ಶೂ ಸ್ಟ್ಯಾಂಡ್ ಇದ್ದರೆ ಸರಿಸಿ.

ಎಷ್ಟೋ ಗೋಡೆ ಬಟನ್ನುಗಳಲ್ಲಿ ಬೀಗದ ಚಿತ್ರವಿರುವ ಲಾಕ್ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ರಿಮೋಟುಗಳು ಕೆಲಸ ಮಾಡುವುದಿಲ್ಲ. ರಾತ್ರಿ ಮಲಗುವಾಗ, ರಜೆಗೆ ಊರಿಗೆ ಹೋಗುವಾಗ ಬಳಸಿ. ತಿಂಗಳುಗಟ್ಟಲೆ ಹೋಗುವುದಾದರೆ ಪ್ಲಗ್ಗೂ ತೆಗೆಯಿರಿ.

ರಿಮೋಟ್ ಆಟದ ಸಾಮಾನಲ್ಲ. ಅಳುವ ಮಗುವಿಗೆ ಸಮಾಧಾನಕ್ಕೆ ಅಂತಲೂ ಕೊಡಬೇಡಿ. ಕಾರಿನಲ್ಲೇ ಕೂಡಿಸಿರುವ ಬಟನ್ ಇದ್ದರೆ, ಕಾರಿನ ಬಾಗಿಲು ಬೀಗ ಹಾಕಿಡಿ. ನಿಂತ ಕಾರಿನಲ್ಲಿ ಡ್ರೈವರ್ ಸೀಟ್ ಹತ್ತಿ ಆಡುವುದು ಮಕ್ಕಳಿಗೆಲ್ಲ ಇಷ್ಟ. ಹೊರಗಿನ ಕೀಪ್ಯಾಡಿನ ನಂಬರ್ ಮಗುವಿನ ಹುಟ್ಟಿದ ದಿನ ಆಗಿರಬಾರದು, ಮೊದಲು ಊಹಿಸುವುದು ಅದನ್ನೇ.

ಫೋನಿನಿಂದ ಬಾಗಿಲು ಮುಚ್ಚುವ ಆ್ಯಪ್ ಬಗ್ಗೆ ತುಂಬಾ ಜನ ಕೇಳುತ್ತೀರಿ. ಕಣ್ಣಿಗೆ ಕಾಣದೆ ಮುಚ್ಚುವ ಓಪನರುಗಳು ಇಳಿಯುವ ಮೊದಲು ಕನಿಷ್ಠ 5 ಸೆಕೆಂಡ್ ದೀಪ ಮಿಟುಕಿಸಿ ಸದ್ದು ಮಾಡಬೇಕು ಅನ್ನುವ ನಿಯಮ ಇದೆ. ಆ ಸದ್ದು ಕೇಳಿ ಓಡಬೇಕು ಅಂತ ಎರಡು ವರ್ಷದ ಮಗುವಿಗೆ ಗೊತ್ತಾಗುತ್ತದಾ? ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ನೋಡಲು ಆ್ಯಪ್ ಒಳ್ಳೆಯದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ದೂರದಿಂದ ಮುಚ್ಚಲು ಬಳಸಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ತಾನಾಗಿ ಇಷ್ಟು ನಿಮಿಷಕ್ಕೆ ಮುಚ್ಚುವ ಟೈಮರನ್ನೂ ಆಫ್ ಮಾಡಿಡಿ.

ಹಂತ 7: ಮನೆಯವರ ಅಭ್ಯಾಸ

ಬಟನ್ ಒತ್ತಿ, ಬಾಗಿಲು ಪೂರ್ತಿ ನೆಲ ಮುಟ್ಟುವ ತನಕ ಅಲ್ಲೇ ನಿಂತು ನೋಡಿ. ಕಾರಿನಲ್ಲಿದ್ದರೂ ಅಷ್ಟೇ, ಡ್ರೈವ್‌ವೇಯಲ್ಲೇ ನಿಂತು ನೋಡಿ. ಒತ್ತಿ ಹೊರಟುಬಿಡುವುದು ಎಲ್ಲರ ಅಭ್ಯಾಸ. ಬಿಡಿಸಿಕೊಳ್ಳಲು ಕಷ್ಟ, ಆದರೂ ಬಿಡಲೇಬೇಕು.

ಕಾರು ಹಿಂದೆ ತೆಗೆಯುವ ಮೊದಲು ಮಕ್ಕಳು ಎಲ್ಲಿದ್ದಾರೆ ಅಂತ ಕಣ್ಣಾರೆ ನೋಡಿ, ಯಾರ ಕೈ ಯಾರು ಹಿಡಿದಿದ್ದಾರೆ ಅಂತ ಬಾಯಿಬಿಟ್ಟು ಕೇಳಿ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆಲ್ಲ ಹಿಂಬದಿಯ ಕ್ಯಾಮೆರಾ ಕಡ್ಡಾಯ. ಆದರೆ ಪಕ್ಕದಿಂದ ಓಡಿ ಬರುವ ಮಗು ಅದರಲ್ಲಿ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಮನೆಯಿಂದ ಗ್ಯಾರೇಜಿಗೆ ಹೋಗುವ ಒಳಬಾಗಿಲಿಗೆ ಮಗುವಿನ ಕೈಗೆಟುಕದಷ್ಟು ಎತ್ತರದಲ್ಲಿ ಒಂದು ಚಿಲಕ ಹಾಕಿಸಿ.

ಮಕ್ಕಳಿಗೆ ಹೇಳುವಾಗ ಉದ್ದ ಭಾಷಣ ಬೇಡ. "ಬಾಗಿಲು ಅಲುಗಾಡ್ತಿದ್ರೆ ನಾವು ಅಲುಗಾಡೋದಿಲ್ಲ" ಅಂತ ಒಂದೇ ಮಾತು ದಿನವೂ ಹೇಳಿ. ಮುಚ್ಚುವ ಬಾಗಿಲಿನ ಕೆಳಗೆ ನುಸುಳಿ ಓಡುವ ಪಂದ್ಯ, ಏಳುವ ಬಾಗಿಲಿನ ಹಿಡಿಗೆ ಜೋತುಬೀಳುವುದು, ಟ್ರ್ಯಾಕಿನಲ್ಲಿ ಬೆರಳಿಡುವುದು, ಈ ಮೂರನ್ನು ಕಂಡ ತಕ್ಷಣ ನಿಲ್ಲಿಸಿ. ನೀವು ಅವಸರದಲ್ಲಿ ಬಗ್ಗಿ ನುಸುಳಿ ಹೊರಗೆ ಓಡಿದರೆ, ಸೆನ್ಸರ್ ಗೆರೆ ದಾಟಲು ಕಾಲೆತ್ತಿ ಜಿಗಿದರೆ, ಮಗುವೂ ನಾಳೆ ಹಾಗೇ ಮಾಡುತ್ತದೆ. ಶಾಲೆಗೆ ಹೋಗುವ ಮಗುವಿಗೆ ಬಟನ್ ಒತ್ತಲು ಯಾವಾಗ ಬಿಡಬಹುದು ಅಂದರೆ, ಬಾಗಿಲು ನೆಲ ಮುಟ್ಟುವ ತನಕ ಹೇಳಿಸಿಕೊಳ್ಳದೆ ನಿಂತು ನೋಡಲು ಕಲಿತಾಗ.

ಅಜ್ಜಿ ತಾತ ಊರಿನಿಂದ ಬಂದು ಆರು ತಿಂಗಳು ಇರುತ್ತಾರೆ. ಹಗಲೆಲ್ಲ ಮಗು ಅವರ ಜೊತೆಯಲ್ಲೇ ಇರುತ್ತದೆ. ಒಲೆ ಹಚ್ಚುವುದು, ಮೈಕ್ರೋವೇವ್ ಬಳಸುವುದು ತೋರಿಸುವ ನಾವು ಗ್ಯಾರೇಜ್ ಬಾಗಿಲು ತೋರಿಸುವುದನ್ನು ಮರೆಯುತ್ತೇವೆ. ಬಂದ ವಾರದಲ್ಲೇ ಅವರ ಕೈಯಲ್ಲೇ ಬಟನ್ ಒತ್ತಿಸಿ, ಇಳಿಯುತ್ತಿರುವಾಗ ಮತ್ತೆ ಒತ್ತಿ ನಿಲ್ಲಿಸುವುದನ್ನು ಎರಡು ಮೂರು ಸಲ ಮಾಡಿಸಿ. ಕೆಂಪು ಹಗ್ಗ ತೋರಿಸಿ. ಬಟನ್ ಪಕ್ಕ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿ: "ಮಗು ಎಲ್ಲಿದೆ ನೋಡಿ, ಆಮೇಲೆ ಒತ್ತಿ. ಮುಚ್ಚುವ ತನಕ ನಿಲ್ಲಿ."

ಅರ್ಧ ತೆರೆದ ಬಾಗಿಲು, ಗ್ಯಾರೇಜ್ ಅಡುಗೆ

ಹಬ್ಬಕ್ಕೆ ಕರಿಯುವ ವಾಸನೆ ಮನೆಗೆ ಹಿಡಿಯಬಾರದು ಅಂತ ಗ್ಯಾರೇಜಿನಲ್ಲಿ ಗ್ಯಾಸ್ ಒಲೆ ಇಟ್ಟು ಬಜ್ಜಿ, ಚಕ್ಕುಲಿ ಮಾಡುವುದು ಅನೇಕ ಮನೆಗಳಲ್ಲಿ ಇದೆ. ಹೊಗೆ ಹೋಗಲಿ ಅಂತ ಬಾಗಿಲನ್ನು ಎರಡಡಿ ಎತ್ತಿಟ್ಟಿರುತ್ತಾರೆ. ಎರಡು ಕಾರಣಕ್ಕೆ ಇದು ಬೇಡ. ಅರ್ಧದಲ್ಲಿ ನಿಂತ ಬಾಗಿಲಿಗೆ ಬಟನ್ ಒತ್ತಿದರೆ ಮೇಲೆ ಹೋಗುತ್ತದೋ ಕೆಳಗೆ ಬರುತ್ತದೋ ಹೇಳಲಾಗುವುದಿಲ್ಲ, ಮಕ್ಕಳು ಅದೇ ಸಂದಿಯಲ್ಲಿ ಒಳಗೆ ಹೊರಗೆ ನುಸುಳುತ್ತಿರುತ್ತಾರೆ. ಎರಡನೆಯದು, ಹೊರಾಂಗಣದ ಪ್ರೊಪೇನ್ ಒಲೆ ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಒಳಬಾಗಿಲಿನ ಸಂದಿಯಿಂದ ಮನೆಯೊಳಗೂ ಬರುತ್ತದೆ. ಒಲೆಯನ್ನು ಹಿತ್ತಲಿಗೆ, ಗೋಡೆಯಿಂದ ದೂರ ಒಯ್ಯಿರಿ. ಚಳಿಯಲ್ಲಿ ಕಾರು ಬಿಸಿಯಾಗಲಿ ಅಂತ ಗ್ಯಾರೇಜಿನೊಳಗೆ ಎಂಜಿನ್ ಓಡಿಸಿ ಬಿಡುವುದೂ ಇದೇ ಕಾರಣಕ್ಕೆ ಬೇಡ, ಬಾಗಿಲು ತೆರೆದಿದ್ದರೂ.

ಯಾರಾದರೂ ಸಿಕ್ಕಿಕೊಂಡರೆ

ಮೊದಲು ಬಟನ್ ಒತ್ತಿ ಬಾಗಿಲು ಮೇಲೆತ್ತಿ. ಏಳದಿದ್ದರೆ ಒಬ್ಬರು ಕೆಂಪು ಹಗ್ಗ ಎಳೆಯಿರಿ, ಇನ್ನೊಬ್ಬರು ಅಥವಾ ಇಬ್ಬರು ಬಾಗಿಲು ಹಿಡಿದು ಎತ್ತಿ, ಮತ್ತೆ ಬೀಳದಂತೆ ಹಿಡಿದಿರಿ. ಕೂಗಿ ನೆರೆಯವರನ್ನು ಕರೆಯಿರಿ. 911ಕ್ಕೆ ಫೋನ್ ಮಾಡಿ ಸ್ಪೀಕರಿಗೆ ಹಾಕಿ. ಮಗು ಉಸಿರಾಡದಿದ್ದರೆ ಏನು ಮಾಡಬೇಕು ಅಂತ ಅವರು ಒಂದೊಂದಾಗಿ ಹೇಳುತ್ತಾರೆ. ಮೇಲಿಂದ ಚೆನ್ನಾಗಿ ಕಂಡರೂ ಎದೆ, ಹೊಟ್ಟೆ, ತಲೆಗೆ ಬಾಗಿಲು ಒತ್ತಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು.

ಕರೆಂಟ್ ಹೋದಾಗ ಹೊರಬರುವುದಕ್ಕೂ ಇದೇ ಕೆಂಪು ಹಗ್ಗ. 2017ರ ಕಾಡ್ಗಿಚ್ಚಿನಲ್ಲಿ ಕರೆಂಟ್ ಹೋಗಿ ಬಾಗಿಲು ತೆರೆಯಲಾಗದೆ ಜನ ಸಿಕ್ಕಿಕೊಂಡ ಮೇಲೆ ಕ್ಯಾಲಿಫೋರ್ನಿಯ ಕಾನೂನು ತಂದಿತು. 2019ರ ಜುಲೈ 1ರಿಂದ ಅಲ್ಲಿ ಮಾರುವ ಮನೆಬಳಕೆಯ ಓಪನರುಗಳಿಗೆಲ್ಲ ಬ್ಯಾಟರಿ ಇರಲೇಬೇಕು. ಬೇರೆ ರಾಜ್ಯದಲ್ಲಿದ್ದರೂ ಹೊಸದು ಕೊಳ್ಳುವಾಗ ಬ್ಯಾಟರಿ ಇರುವುದನ್ನೇ ಕೊಳ್ಳಿ.

ಊರಿನ ಮನೆಯ ಗೇಟ್

ಬೆಂಗಳೂರು, ಮೈಸೂರಿನ ಮನೆಗಳಿಗೂ ಈಗ ಮೋಟಾರ್ ಇರುವ ಸ್ಲೈಡಿಂಗ್ ಗೇಟ್ ಬಂದಿದೆ. ಅದಕ್ಕೂ ಸೆನ್ಸರ್ ಹಾಕಿಸಿ, ರಿಮೋಟ್ ಮಕ್ಕಳಿಗೆ ಕೊಡಬೇಡಿ. ಅದರ ದೊಡ್ಡ ಅಪಾಯ ಬೇರೆ: ಹಳಿಯ ಕೊನೆಯಲ್ಲಿ ತಡೆ ಇಲ್ಲದಿದ್ದರೆ, ಮೇಲಿನ ಆಧಾರದ ಚಕ್ರ ಸವೆದಿದ್ದರೆ ಇಡೀ ಗೇಟ್ ಪಕ್ಕಕ್ಕೆ ಮಗುಚಿ ಬೀಳುತ್ತದೆ. ಎರಡೂ ಕೊನೆಯಲ್ಲಿ ಗಟ್ಟಿ ಕಬ್ಬಿಣದ ತಡೆ ಬೆಸುಗೆ ಹಾಕಿಸಿ. ಗೇಟ್ ಹತ್ತಿ ಜೋಲಿ ಆಡಲು ಮಕ್ಕಳನ್ನು ಬಿಡಬೇಡಿ.

ಬಾಡಿಗೆ ಮನೆಯಾದರೆ

ಪರೀಕ್ಷೆ ನೀವೇ ಮಾಡಬಹುದು, ರಿಪೇರಿ ಮಾಡಿಸುವುದು ಮಾಲೀಕರ ಕೆಲಸ. ಫೋನಿನಲ್ಲಿ ಹೇಳಿ ಬಿಟ್ಟುಬಿಡಬೇಡಿ. ಇಮೇಲ್ ಬರೆಯಿರಿ: ಯಾವ ದಿನ ಯಾವ ಪರೀಕ್ಷೆ ಮಾಡಿದಿರಿ, ಬಾಗಿಲು ಏನು ಮಾಡಿತು, ಮನೆಯಲ್ಲಿ ಎಷ್ಟು ವಯಸ್ಸಿನ ಮಗು ಇದೆ, ಇಷ್ಟು ಸಾಕು. ಮರದ ತುಂಡನ್ನು ಬಾಗಿಲು ಅಮುಕಿ ನಿಂತ ವಿಡಿಯೋ ಜೊತೆಗಿಡಿ. ರಿಪೇರಿ ಆಗುವ ತನಕ ಓಪನರ್ ಪ್ಲಗ್ ತೆಗೆದಿಟ್ಟಿರುತ್ತೇವೆ ಅಂತಲೂ ಬರೆಯಿರಿ. ಕಸುಬಿನವರು ಬಂದು ಹೋದ ಮೇಲೆ, ಅವರು ಸರಿ ಇದೆ ಅಂದರೂ, ಪೊರಕೆ ಮತ್ತು ಮರದ ತುಂಡು ಹಿಡಿದು ಹಂತ 4 ಮತ್ತು 5ನ್ನು ಇನ್ನೊಮ್ಮೆ ಮಾಡಿ, ಆಮೇಲೆ ಪ್ಲಗ್ ಹಾಕಿ.